ಬೆನ್ನುಹುರಿ ಪೆಟ್ಟಿನ ನಂತರ ಕಾಲಿನ ಬಿಗಿತಕ್ಕೆ ‘ಕರೆಂಟ್’: ಮನೆಯಲ್ಲಿ ಟೆನ್ಸ್ ಬಳಸುವುದು ಹೇಗೆ?

“ಕರೆಂಟ್ ಕೊಡಿಸಿದ್ರೆ ಕಾಲು ಸೆಟೆದುಕೊಳ್ಳೋದು ನಿಲ್ಲುತ್ತಾ?” “ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಒಂದು ಮೆಷಿನ್ ಇದೆ, ತಗೊಳ್ಳಲಾ?” ಮೈಸೂರು, ಮಂಡ್ಯ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಇವೆರಡೇ ಹೆಚ್ಚು. ಕೇಳುವವರಲ್ಲಿ ತೆಂಗಿನ ಮರದಿಂದ ಬಿದ್ದವರಿದ್ದಾರೆ, ಹೆದ್ದಾರಿಯಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕವರಿದ್ದಾರೆ, ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಹೆಂಡತಿ, ಅಣ್ಣ, ಅಮ್ಮಂದಿರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಚಿಕ್ಕ ಉತ್ತರ ಇಷ್ಟು: ಟೆನ್ಸ್, ಅಂದರೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಡುವ ಮೆಷಿನ್, ಬಳಸಿದರೆ ಬಿಗಿತ ಕಡಿಮೆ ಆಗಬಹುದು, ಆದರೆ ಕೆಲವು ಗಂಟೆಗಳ ಮಟ್ಟಿಗೆ. ಆ ಗಂಟೆಗಳಲ್ಲಿ ಏನು ಮಾಡಬೇಕೆಂದು ಮೊದಲೇ ಗೊತ್ತು ಮಾಡಿಕೊಂಡವರಿಗೆ ಮೆಷಿನ್‌ಗೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಉಳಿದವರ ಮನೆಯಲ್ಲಿ ಅದು ಬೇಗನೆ ಬೀರು ಸೇರುತ್ತದೆ. ಕಾಲಿಗೆ ನಡಿಗೆ ವಾಪಸ್ ತರುವ ಚಿಕಿತ್ಸೆ ಇದಲ್ಲ. ಹಾಗೆಂದು ಮಾರುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಬಿಗಿತ ಎಲ್ಲಿಂದ ಬರುತ್ತದೆ

ಸ್ನಾಯುವನ್ನು ಥಟ್ಟನೆ ಎಳೆದರೆ ಅದು ತಾನಾಗಿಯೇ ಬಿಗಿಯುತ್ತದೆ. ಈ ಪ್ರತಿಕ್ರಿಯೆ ಎಲ್ಲರಲ್ಲೂ ಇದೆ, ಅದು ನಡೆಯುವುದು ಬೆನ್ನುಹುರಿಯ ಮಟ್ಟದಲ್ಲಿ. ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಬೇಕು ಎಂಬ ಹತೋಟಿ ಮಾತ್ರ ಮೆದುಳಿನಿಂದ ಇಳಿದು ಬರುತ್ತದೆ. ಬೆನ್ನುಹುರಿಗೆ ಪೆಟ್ಟಾದಾಗ ಆ ಹತೋಟಿಯ ದಾರಿ ಕಡಿದುಹೋಗುತ್ತದೆ. ಕೆಳಗಿನ ನರಗಳು ಜೀವಂತ, ಸ್ನಾಯು ಜೀವಂತ. ನೀರುಗಂಟಿ ಇಲ್ಲದ ತೂಬಿನ ಹಾಗೆ ಸಂಕೇತ ಮಾತ್ರ ಬೇಕಾಬಿಟ್ಟಿ ಹರಿಯುತ್ತದೆ. ಹೊದಿಕೆ ಎಳೆದರೂ ಸಾಕು, ಕಾಲು ಸೆಟೆದುಕೊಳ್ಳುತ್ತದೆ ಅಥವಾ ಪಾದ ಪಟಪಟ ಅದುರುತ್ತದೆ. ಈ ಒಟ್ಟು ತೊಂದರೆಯನ್ನು ವೈದ್ಯರು ಸ್ಪಾಸ್ಟಿಸಿಟಿ ಎನ್ನುತ್ತಾರೆ, ಪಾದದ ಅದುರಿಕೆಯನ್ನು ಕ್ಲೋನಸ್ ಎನ್ನುತ್ತಾರೆ.

ಪೆಟ್ಟಾದ ಮೊದಲ ಕೆಲವು ವಾರ ಕಾಲು ಸಾಮಾನ್ಯವಾಗಿ ಸಡಿಲವಾಗಿಯೇ ಇರುತ್ತದೆ. ಇದು ಸ್ಪೈನಲ್ ಶಾಕ್, ಅಂದರೆ ಪೆಟ್ಟಿನ ಕೆಳಗಿನ ಬೆನ್ನುಹುರಿ ಸ್ವಲ್ಪ ಕಾಲ ಪೂರ್ತಿ ಮೌನವಾಗುವ ಸ್ಥಿತಿ. ಅದು ಕಳೆದ ಮೇಲೆ ಸೆಳೆತ ಶುರುವಾಗುತ್ತದೆ. ಆಗ ಮನೆಯವರು “ಕಾಲು ಅಲ್ಲಾಡ್ತು, ಜೀವ ಬಂತು” ಎಂದು ಸಂಭ್ರಮಿಸುವುದನ್ನು ನೋಡಿದ್ದೇನೆ. ನಿಜ ಹೇಳುವುದು ಕಷ್ಟ, ಹೇಳದಿದ್ದರೆ ಮುಂದೆ ಇನ್ನೂ ಕಷ್ಟ. ಮನಸ್ಸು ಹೇಳಿದಾಗ ಹೆಬ್ಬೆರಳು ಅಲುಗಿದರೆ ಅದು ಚೇತರಿಕೆ. ಹೇಳದೆ ಕೇಳದೆ ಕಾಲು ಒದ್ದರೆ ಅದು ಸೆಳೆತ.

ಇನ್ನೊಂದು ವಿಚಾರ. ಬಿಗಿತವೆಲ್ಲ ಶತ್ರುವಲ್ಲ. ಕೆಲವರು ಮೊಣಕಾಲು ನೆಟ್ಟಗಾಗುವ ಆ ಬಿಗಿತವನ್ನೇ ಬಳಸಿ ಹಾಸಿಗೆಯಿಂದ ವೀಲ್‌ಚೇರ್‌ಗೆ ಎದ್ದು ತಿರುಗುತ್ತಾರೆ. ಅಂಥವರಿಗೆ ಬಿಗಿತವನ್ನು ಪೂರ್ತಿ ಇಳಿಸಿದರೆ ಬೀಳುತ್ತಾರೆ. ಆದ್ದರಿಂದ ‘ಕಡಿಮೆ ಮಾಡಬೇಕಾ’ ಎಂದು ಕೇಳುವ ಮೊದಲು ‘ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಅಡ್ಡಿಯಾಗುತ್ತಿದೆ’ ಎಂದು ಕೇಳಿಕೊಳ್ಳಿ.

ಕರೆಂಟ್‌ನಲ್ಲಿ ಯಾವ ಕರೆಂಟ್?

ಕ್ಲಿನಿಕ್‌ಗಳಲ್ಲಿ ಎಲ್ಲವನ್ನೂ ‘ಕರೆಂಟ್ ಕೊಡೋದು’ ಎಂದೇ ಕರೆಯುತ್ತಾರೆ. ಒಳಗೆ ಮೂರು ಬಗೆಗಳಿವೆ.

ಮೊದಲನೆಯದು ಟೆನ್ಸ್. ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ಸ್ಪರ್ಶದ ನರಗಳಿಗೆ ಸಣ್ಣ ಸಣ್ಣ ಮಿಡಿತ ಕೊಡುವುದು. ಸ್ನಾಯು ಕುಣಿಯುವುದಿಲ್ಲ, ಸ್ಪರ್ಶ ಇರುವ ಕಡೆ ಜುಮುಜುಮು ಎನ್ನುತ್ತದೆ. ನೋವಿಗೆ ಬಳಸುವ ಮೆಷಿನ್ ಇದೇ. ಮನೆಯಲ್ಲಿ ಬಳಸಲು ಸಾಧ್ಯವಿರುವುದು ಇದೊಂದೇ ಎಂದು ನನ್ನ ಅಭಿಪ್ರಾಯ, ಈ ಲೇಖನ ಮುಖ್ಯವಾಗಿ ಇದರ ಬಗ್ಗೆಯೇ.

ಎರಡನೆಯದು ಸ್ನಾಯುವನ್ನೇ ಕುಗ್ಗಿಸುವ ಉತ್ತೇಜನ. ಎನ್‌ಎಂಇಎಸ್ ಎನ್ನುತ್ತಾರೆ, ಅದನ್ನೇ ಸೈಕಲ್ ತುಳಿಯುವುದು, ಪಾದ ಎತ್ತುವುದು ಮುಂತಾದ ಕೆಲಸಕ್ಕೆ ಹೊಂದಿಸಿದರೆ ಎಫ್‌ಇಎಸ್. ಬಿಗಿಯಾದ ಸ್ನಾಯುವಿನ ಎದುರು ಸ್ನಾಯುವನ್ನು ಕುಗ್ಗಿಸಿದರೆ ಬಿಗಿದದ್ದು ಸ್ವಲ್ಪ ಸಡಿಲುತ್ತದೆ ಎಂಬ ಉಪಾಯ 1952ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು.

ಮೂರನೆಯದು ಬೆನ್ನಿನ ಕೆಳಭಾಗದಲ್ಲಿ ಪ್ಯಾಡ್ ಇಟ್ಟು ಬೆನ್ನುಹುರಿಗೆ ಹೋಗುವ ನರಬೇರುಗಳನ್ನು ಉತ್ತೇಜಿಸುವುದು. ವಿಯೆನ್ನಾದ ಸಂಶೋಧಕರು ಬೆನ್ನೆಲುಬಿನ ಎದೆ ಭಾಗದ 11, 12ನೇ ಮೂಳೆಗಳ ಮಟ್ಟದಲ್ಲಿ 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಮಿಡಿತದಂತೆ, ಅರ್ಧ ಗಂಟೆ ಕೊಟ್ಟು ಬಿಗಿತ ಇಳಿಯುವುದನ್ನು ತೋರಿಸಿದ್ದಾರೆ. ಇದು ಮನೆಯಲ್ಲಿ ಮಾಡುವಂಥದ್ದಲ್ಲ. ಯೂಟ್ಯೂಬ್ ನೋಡಿ ಬೆನ್ನಿಗೆ ಟೆನ್ಸ್ ಪ್ಯಾಡ್ ಅಂಟಿಸಿ ಪ್ರಯೋಗ ಮಾಡಬೇಡಿ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜಾತಿಯ ಒಂದು ಸಾಧನಕ್ಕೆ ಅನುಮತಿ ಕೊಟ್ಟ ಸುದ್ದಿಯನ್ನು ಬಹಳ ಜನ ಫಾರ್ವರ್ಡ್ ಮಾಡಿದ್ದೀರಿ. ಆ ಅನುಮತಿ ಕುತ್ತಿಗೆ ಮಟ್ಟದ ಪೆಟ್ಟಾದವರ ಕೈಯ ಶಕ್ತಿ, ಸ್ಪರ್ಶಕ್ಕಾಗಿ, ಕಾಲಿನ ಬಿಗಿತಕ್ಕಲ್ಲ.

ಮೊದಲೆರಡರಲ್ಲಿ ಯಾವುದು ಮೇಲು? ಮಣಿಪಾಲದ ಫಿಸಿಯೋಥೆರಪಿ ಸಂಶೋಧಕರು ಬೆನ್ನುಹುರಿ ಪೆಟ್ಟಾದ 10 ಜನರಿಗೆ ಟೆನ್ಸ್, ಎಫ್‌ಇಎಸ್ ಎರಡನ್ನೂ ಬೇರೆ ಬೇರೆ ದಿನ ಕೊಟ್ಟು ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎರಡರಿಂದಲೂ ಬಿಗಿತ ಇಳಿಯಿತು, ಸುಮಾರು ನಾಲ್ಕು ಗಂಟೆಯವರೆಗೆ ಪರಿಣಾಮ ಉಳಿಯಿತು, ಒಂದು ಇನ್ನೊಂದಕ್ಕಿಂತ ಮೇಲು ಎಂದು ಕಾಣಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೂ ಕೆಲವೇ ಸಾವಿರದ ಮೆಷಿನ್ ಇರುವಾಗ ಲಕ್ಷಗಟ್ಟಲೆ ಬೆಲೆಯ ಎಫ್‌ಇಎಸ್ ಸೈಕಲ್‌ಗೆ ಬಿಗಿತವೊಂದರ ಸಲುವಾಗಿ ಸಾಲ ಮಾಡಬೇಡಿ ಎನ್ನಲು ಅಷ್ಟು ಸಾಕು.

ಹಂತ 1: ಬಿಗಿತ ಈಗೇಕೆ ಹೆಚ್ಚಿದೆ ಎಂದು ಹುಡುಕಿ

ಹೆಚ್ಚಿನವರು ಹಾರಿಸುವ ಹಂತ ಇದು. ಸ್ಪರ್ಶ ಇಲ್ಲದ ದೇಹ ತನ್ನ ನೋವನ್ನು ಸೆಳೆತದ ಮೂಲಕ ಹೇಳುತ್ತದೆ. ಕಳೆದ ವಾರದವರೆಗೆ ಸುಮ್ಮನಿದ್ದ ಕಾಲು ಈ ವಾರ ಒದೆಯುತ್ತಿದ್ದರೆ ಮೆಷಿನ್ ಹುಡುಕಬೇಡಿ, ಕಾರಣ ಹುಡುಕಿ.

ಮೊದಲು ಮೂತ್ರ. ನಮ್ಮ ಹಳ್ಳಿಗಳಲ್ಲಿ ಪದೇ ಪದೇ ಪೈಪ್ ಹಾಕುವ ಕಷ್ಟಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಸೋಂಕು ಬರಲು ಅದೂ ಒಂದು ದಾರಿ. ಮೂತ್ರ ಕದಡಿದ್ದರೆ, ವಾಸನೆ ಬಂದರೆ, ಚಳಿಜ್ವರ ಇದ್ದರೆ ಪರೀಕ್ಷೆ ಮಾಡಿಸಿ. ಕ್ಯಾಥೆಟರ್, ಅಂದರೆ ಮೂತ್ರದ ಪೈಪ್, ಮಡಚಿಕೊಂಡಿದೆಯೇ, ಚೀಲ ತುಂಬಿದೆಯೇ ನೋಡಿ. ಮುಂದೆ ಮಲಬದ್ಧತೆ. ಅದಾದ ಮೇಲೆ ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಇದೆಯೇ ಎಂದು ಬೆಳಕಿನಲ್ಲಿ ನೋಡಿ. ಕಾಲಿನ ಹೆಬ್ಬೆರಳ ಉಗುರು ಮಾಂಸದೊಳಗೆ ಬೆಳೆದಿರಬಹುದು. ಬಿಗಿ ಚಡ್ಡಿ, ಮಡಚಿದ ಪಂಚೆಯ ಗಂಟು, ಶೂ ಒಳಗಿನ ಕಲ್ಲು ಕೂಡ ಸಾಕು. ಡಿಸೆಂಬರ್, ಜನವರಿಯ ಮೈಸೂರಿನ ಬೆಳಗಿನ ಚಳಿ, ತಣ್ಣನೆಯ ನೆಲ ಕೂಡ ಬಿಗಿತ ಹೆಚ್ಚಿಸುತ್ತವೆ. ಅದಕ್ಕೆ ಉಣ್ಣೆ ಕಾಲುಚೀಲ ಸಾಕು. ಬಿಸಿನೀರಿನ ಚೀಲ ಮಾತ್ರ ಬೇಡವೇ ಬೇಡ, ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಒಂದೇ ಕಾಲು ಊದಿ ಬೆಚ್ಚಗಾಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪು ಇರಬಹುದು, ಮೂಳೆ ಮುರಿದಿರಬಹುದು, ಕೀಲಿನ ಸುತ್ತ ಹೊಸ ಮೂಳೆ ಬೆಳೆಯುತ್ತಿರಬಹುದು. ಅಂಥ ಕಾಲನ್ನು ತಿಕ್ಕುವುದು, ಎಣ್ಣೆ ಹಚ್ಚಿ ಎಳೆಯುವುದು, ಕರೆಂಟ್ ಕೊಡುವುದು ಯಾವುದನ್ನೂ ಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಟಿ ಕಟ್ಟು ಹಾಕಿಸಿ ಕಾದು ನೋಡುವ ವಿಷಯವೂ ಇದಲ್ಲ.

ಹಂತ 2: ನಿಮಗೆ ಇದು ಹೊಂದುತ್ತದೆಯೇ?

ಡಿಸ್ಚಾರ್ಜ್ ಸಮರಿ ಹೊರತೆಗೆಯಿರಿ. ಅದರಲ್ಲಿ ಸಿ, ಟಿ ಅಥವಾ ಎಲ್ ಅಕ್ಷರದ ಪಕ್ಕ ಒಂದು ಸಂಖ್ಯೆ ಇರುತ್ತದೆ: ಸಿ ಎಂದರೆ ಕುತ್ತಿಗೆ, ಟಿ ಎದೆ, ಎಲ್ ಸೊಂಟ. ಈ ಒಂದು ಸಾಲು ಎರಡು ವಿಷಯ ತಿಳಿಸುತ್ತದೆ.

ಪೆಟ್ಟು ಬೆನ್ನುಹುರಿಯ ತೀರಾ ತುದಿಯಲ್ಲಿ ಅಥವಾ ಅದರ ಕೆಳಗಿನ ನರಗಳ ಗೊಂಚಲಿನಲ್ಲಿ ಆಗಿದ್ದರೆ ಕಾಲು ಸಾಮಾನ್ಯವಾಗಿ ಜೋತಾಡುತ್ತದೆ, ಬಿಗಿಯುವುದಿಲ್ಲ. ಅವರಿಗೆ ಈ ಚಿಕಿತ್ಸೆಯ ಅಗತ್ಯವೇ ಇಲ್ಲ.

ಪೆಟ್ಟು ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ, ಅಂದರೆ ಸಿ ಯಾವುದೇ ಸಂಖ್ಯೆ ಅಥವಾ ಟಿ1ರಿಂದ ಟಿ6ರವರೆಗೆ ಇದ್ದರೆ, ಬಿಪಿ ಏಕಾಏಕಿ ಏರುವ ಅಪಾಯವಿದೆ. ಇದರ ಹೆಸರು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಪೆಟ್ಟಿನ ಕೆಳಗೆ ಏನಾದರೂ ಕಿರಿಕಿರಿಯಾದರೆ ದೇಹ ಹತೋಟಿ ತಪ್ಪಿ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ತುಂಬಿದ ಮೂತ್ರಕೋಶ ಮಾಡುವ ಆ ಕಿರಿಕಿರಿಯನ್ನು ಕರೆಂಟೂ ಮಾಡಬಲ್ಲದು. ಇಂಥವರು ಮೊದಲ ಬಾರಿ ಆಸ್ಪತ್ರೆಯಲ್ಲಿ, ಬಿಪಿ ನೋಡುತ್ತಲೇ ಪ್ರಯತ್ನಿಸಬೇಕು. ಮನೆಯಲ್ಲಿ ಡಿಜಿಟಲ್ ಬಿಪಿ ಮೆಷಿನ್ ಇಲ್ಲದೆ ಟೆನ್ಸ್ ಶುರು ಮಾಡಬೇಡಿ.

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಅಂಥ ಯಂತ್ರ ಇರುವವರಿಗೆ, ಗರ್ಭಿಣಿಯರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರಿಗೆ, ಕರೆಂಟ್ ಕೊಡುವ ಜಾಗದಲ್ಲಿ ಕ್ಯಾನ್ಸರ್ ಇರುವವರಿಗೆ ಇದು ಬೇಡ. ಫಿಟ್ಸ್ ಇರುವವರು, ಹೊಟ್ಟೆಯಲ್ಲಿ ಬ್ಯಾಕ್ಲೊಫೆನ್ (ಬಿಗಿತ ಇಳಿಸುವ ಔಷಧ) ಪಂಪ್ ಇರುವವರು, ಕಾಲಿನಲ್ಲಿ ರಾಡ್, ಪ್ಲೇಟ್ ಇರುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಗಾಯ, ಹುಣ್ಣು, ಚರ್ಮದ ಸೋಂಕಿನ ಮೇಲೆ ಪ್ಯಾಡ್ ಇಡಬಾರದು. ಕುತ್ತಿಗೆಯ ಮುಂಭಾಗ, ತಲೆ, ಎದೆಯ ಮೇಲೆ ಯಾರೂ ಇಡಬಾರದು.

ಹಂತ 3: ಒಮ್ಮೆ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಜಾಗ ಗುರುತು ಹಾಕಿಸಿ

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ. ಬಿಗಿತ ತುಂಬಾ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗ ಇದೆ. ಎಲ್ಲಿಗೆ ಹೋದರೂ ‘ಕರೆಂಟ್ ಕೊಡಿ’ ಎನ್ನಬೇಡಿ. “ಮನೆಯಲ್ಲಿ ಟೆನ್ಸ್ ಬಳಸಬೇಕು, ಪ್ಯಾಡ್ ಜಾಗ ಗುರುತು ಮಾಡಿ, ಸೆಟ್ಟಿಂಗ್ ಬರೆದುಕೊಡಿ” ಎಂದು ಕೇಳಿ. ಬರೆಸಿಕೊಳ್ಳದೆ ಬರಬೇಡಿ.

ಯಾವ ಬಿಗಿತಕ್ಕೆ ಎಲ್ಲಿ ಪ್ಯಾಡ್ ಎಂಬುದು ಬೇರೆ ಬೇರೆ. ಪಾದ ಕೆಳಕ್ಕೆ ಬಾಗಿ ಅದುರುವವರಿಗೆ ಹೆಚ್ಚಾಗಿ ಬಳಸುವ ಜಾಗ ಮೊಣಕಾಲಿನ ಹೊರಬದಿ: ಅಲ್ಲಿ ಕೈಗೆ ಸಿಗುವ ಮೂಳೆಯ ಗಂಟಿನ ಹಿಂದೆ, ಸ್ವಲ್ಪ ಕೆಳಗೆ ಒಂದು ನರ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಒಂದು ಪ್ಯಾಡ್ ಅಲ್ಲಿ, ಇನ್ನೊಂದು ಅದರಿಂದ ಮೂರು ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಹೊರ ಸ್ನಾಯುವಿನ ಮೇಲೆ. ಮೊಣಕಾಲು ಕೋಲಿನಂತೆ ನೆಟ್ಟಗಾಗುವವರಿಗೆ ತೊಡೆಯ ಮುಂಭಾಗ. ಎರಡು ತೊಡೆ ಕತ್ತರಿಯಂತೆ ಸೇರಿಕೊಳ್ಳುವವರಿಗೆ ತೊಡೆಯ ಒಳಭಾಗ. ಇದು ಸೂಕ್ಷ್ಮ ಜಾಗ, ತೊಡೆಸಂದಿಗೆ ಹತ್ತಿರ, ಥೆರಪಿಸ್ಟ್ ತೋರಿಸದೆ ಊಹೆಯ ಮೇಲೆ ಹಚ್ಚಬೇಡಿ.

ಗುರುತು ಹಾಕಿದ ಮೇಲೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನೋಡಿಕೊಳ್ಳುವವರು ಬದಲಾದರೂ ಜಾಗ ಬದಲಾಗಬಾರದು.

ಕ್ಲಿನಿಕ್‌ನಲ್ಲಿ ನೀವೇ ಗಮನಿಸಬೇಕಾದ ಎರಡು ಅಪಾಯಗಳಿವೆ. ಒಂದು, ಹಳೆಯ ಪೆಟ್ಟಿಗೆ ಮೆಷಿನ್‌ಗಳಲ್ಲಿ ಗ್ಯಾಲ್ವಾನಿಕ್ ಎಂಬ ಒಂದೇ ದಿಕ್ಕಿನ ಕರೆಂಟ್ ಇರುತ್ತದೆ. ಸ್ಪರ್ಶವಿಲ್ಲದ ಚರ್ಮಕ್ಕೆ ಅದು ರಾಸಾಯನಿಕ ಸುಟ್ಟಗಾಯ ಮಾಡಬಲ್ಲದು. “ಸ್ಪರ್ಶ ಇಲ್ಲ” ಎಂದು ಜೋರಾಗಿ ಹೇಳಿ, ಅದನ್ನು ಬೇಡವೆನ್ನಿ. ಎರಡು, ಪಕ್ಕದಲ್ಲೇ ಶಾರ್ಟ್‌ವೇವ್ ಡಯಥರ್ಮಿ, ಅಂದರೆ ರೇಡಿಯೋ ಅಲೆಯಿಂದ ಶಾಖ ಕೊಡುವ ಯಂತ್ರ, ಓಡುತ್ತಿದ್ದರೆ ಅಲ್ಲಿ ಟೆನ್ಸ್ ಹಾಕಿಸಿಕೊಳ್ಳಬೇಡಿ. ಅದರ ಅಲೆ ಟೆನ್ಸ್ ಮೆಷಿನ್‌ನ ಕರೆಂಟನ್ನು ಏರುಪೇರು ಮಾಡುತ್ತದೆ.

ಹಂತ 4: ಮೆಷಿನ್ ಕೊಳ್ಳುವುದು

ಎರಡು ಚಾನೆಲ್, ಅಂದರೆ ಎರಡು ಜೋಡಿ ಪ್ಯಾಡ್‌ಗೆ ಬೇರೆ ಬೇರೆ ದಾರಿ ಇರುವ, ಬ್ಯಾಟರಿಯಲ್ಲಿ ಓಡುವ ಡಿಜಿಟಲ್ ಟೆನ್ಸ್ ಸಾಕು. ಸಾಮಾನ್ಯವಾಗಿ 1,500ರಿಂದ 5,000 ರೂಪಾಯಿ ಒಳಗೆ ಸಿಗುತ್ತದೆ. ಡಬ್ಬಿಯ ಮೇಲೆ ಮೂರು ಅಂಕಿ ಬರೆದಿರಬೇಕು: ಒಂದು ಸೆಕೆಂಡಿಗೆ ಎಷ್ಟು ಮಿಡಿತ ಎಂಬುದಕ್ಕೆ ಹರ್ಟ್ಸ್, ಒಂದು ಮಿಡಿತ ಎಷ್ಟು ಹೊತ್ತು ಎಂಬುದಕ್ಕೆ ಮೈಕ್ರೋಸೆಕೆಂಡ್, ಎಷ್ಟು ಜೋರು ಎಂಬುದಕ್ಕೆ ಮಿಲಿಆಂಪಿಯರ್. ಮೊದಲೆರಡನ್ನು ನೀವೇ ಹೊಂದಿಸುವಂತಿರಬೇಕು.

‘ಮಸಾಜರ್’ ಎಂದು ಮಾರುವ, ತಟ್ಟುವುದು, ಹಿಸುಕುವುದು ಎಂದು ಹತ್ತಾರು ಮೋಡ್ ತೋರಿಸಿ ಅಂಕಿಯನ್ನೇ ಹೇಳದ ಆಟಿಕೆಗಳು ಬೇಡ. ಬರಿಗಾಲಿಟ್ಟು ಕೂರುವ ಕರೆಂಟ್ ಮ್ಯಾಟ್‌ಗಳೂ ಬೇಡ, ಸ್ಪರ್ಶವಿಲ್ಲದ ಅಂಗಾಲಿಗೆ ಎಷ್ಟು ಹೋಗುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ತಿರುಗಿಸುವ ಗುಂಡಿಗಿಂತ ಒತ್ತುವ ಬಟನ್ ಒಳ್ಳೆಯದು; ಗುಂಡಿಗೆ ಕೈ ತಾಗಿದರೆ ಕರೆಂಟ್ ಒಮ್ಮೆಗೇ ಜಿಗಿಯುತ್ತದೆ. ಲಾಕ್ ಬಟನ್ ಇದ್ದರೆ ಇನ್ನೂ ಒಳ್ಳೆಯದು, ಮನೆಯಲ್ಲಿ ಮಕ್ಕಳಿದ್ದಾರೆ. ಚಾರ್ಜಿಂಗ್ ಬಗೆಯದಾದರೆ ಪ್ಲಗ್‌ನಲ್ಲಿ ಇಟ್ಟುಕೊಂಡು ಎಂದೂ ಬಳಸಬೇಡಿ. ನಮ್ಮ ಹಳ್ಳಿಗಳ ವೋಲ್ಟೇಜ್ ಎಂಥದ್ದೆಂದು ನಿಮಗೇ ಗೊತ್ತು.

ಪ್ಯಾಡ್ 5 ಸೆಂ.ಮೀ. ಚೌಕದ್ದು, ಅಂಟು ಇರುವುದು ತೆಗೆದುಕೊಳ್ಳಿ. ತೊಡೆಗೆ ಇನ್ನೂ ದೊಡ್ಡದು ಬೇಕು. ಅಂಟು ಒಣಗಿದ ಪ್ಯಾಡನ್ನು ಪ್ಲಾಸ್ಟರ್ ಹಾಕಿ ಒತ್ತಿಹಿಡಿಯುವ ಉಳಿತಾಯ ಬೇಡ. ಅಂಚು ಎದ್ದ ಪ್ಯಾಡ್‌ನಲ್ಲಿ ಪೂರ್ತಿ ಕರೆಂಟ್ ಉಳಿದ ಸಣ್ಣ ಜಾಗದಿಂದ ನುಗ್ಗುತ್ತದೆ, ಚರ್ಮ ಸುಡುವುದು ಹೀಗೆಯೇ. ಪ್ಯಾಡ್ ಒಬ್ಬರಿಗೆ ಮಾತ್ರ. ಅಜ್ಜಿಯ ಮಂಡಿನೋವಿಗೂ ಅದನ್ನೇ ಹಚ್ಚಬೇಡಿ.

ಹಂತ 5: ಶುರು ಮಾಡುವ ಮೊದಲು ಬರೆದಿಡಿ

ಸೆಳೆತ ದಿನದಿಂದ ದಿನಕ್ಕೆ ತಾನಾಗಿಯೇ ಏರಿಳಿಯುತ್ತದೆ. ಬರೆಯದಿದ್ದರೆ ಒಳ್ಳೆಯ ದಿನದ ಶ್ರೇಯಸ್ಸು ಮೆಷಿನ್‌ಗೆ, ಕೆಟ್ಟ ದಿನದ ದೂರು ಹವಾಮಾನಕ್ಕೆ ಹೋಗುತ್ತದೆ.

ಮೆಷಿನ್ ಬಳಸದೆ ಒಂದು ವಾರ, ದಿನಕ್ಕೆ ಎರಡು ಹೊತ್ತು, ಸೆಳೆತ ಎಷ್ಟು ಸಲ ಬರುತ್ತದೆ ಎಂದು ಅಳೆಯುವ ಪೆನ್ (Penn) ಎಂಬ ಅಳತೆಯಲ್ಲಿ ಅಂಕ ಹಾಕಿ. ಸೆಳೆತವೇ ಇಲ್ಲದಿದ್ದರೆ 0. ಮುಟ್ಟಿದಾಗ, ಎಳೆದಾಗ ಮಾತ್ರ ಸಣ್ಣಗೆ ಬಂದರೆ 1. ಗಂಟೆಗೆ ಒಂದಕ್ಕಿಂತ ಕಡಿಮೆ ಬಂದರೆ 2. ಗಂಟೆಗೆ ಒಂದಕ್ಕಿಂತ ಹೆಚ್ಚು ಬಂದರೆ 3. ಗಂಟೆಗೆ ಹತ್ತಕ್ಕಿಂತ ಹೆಚ್ಚು ಬಂದರೆ 4. ಆಸ್ಪತ್ರೆಯಲ್ಲಿ ಕಾಲು ಬಾಗಿಸಿ ನೋಡಿ ‘ಆಶ್‌ವರ್ತ್ 2’, ‘ಆಶ್‌ವರ್ತ್ 3’ ಎಂದು ಬರೆಯುವುದು ಬೇರೆ ಅಳತೆ, ಅದು ಪರೀಕ್ಷಿಸುವವರ ಕೈಗೆ ಸಿಗುವ ಬಿಗಿತ. ಎರಡೂ ಹೊಂದಲೇಬೇಕೆಂದಿಲ್ಲ.

ಇದರ ಜೊತೆ ಒಂದು ಕೆಲಸ ಆರಿಸಿಕೊಳ್ಳಿ. ಪ್ಯಾಂಟ್ ಹಾಕಲು ಎಷ್ಟು ನಿಮಿಷ, ರಾತ್ರಿ ಎಷ್ಟು ಬಾರಿ ಎಚ್ಚರ, ವೀಲ್‌ಚೇರ್‌ನ ಫುಟ್‌ರೆಸ್ಟ್‌ನಿಂದ ಕಾಲು ಎಷ್ಟು ಸಲ ಜಾರಿತು. ಮಾತ್ರೆ ನುಂಗಿದ ಹೊತ್ತನ್ನೂ ಬರೆಯಿರಿ.

ಹಂತ 6: ಕರೆಂಟ್ ಹಾಕುವುದು

1. ಮೂತ್ರಕೋಶ ಖಾಲಿ ಮಾಡಿ. ಟಿ6 ಮತ್ತು ಅದಕ್ಕಿಂತ ಮೇಲಿನವರು ಬಿಪಿ ನೋಡಿ ಬರೆದುಕೊಳ್ಳಿ. ಇವರ ಮಾಮೂಲಿ ಬಿಪಿ ಇತರರಿಗಿಂತ ಕಡಿಮೆ ಇರುವುದು ಸಹಜ, ಆದ್ದರಿಂದ ‘120 ಇದೆ, ಸರಿಯಾಗಿದೆ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

2. ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚಿ ತಿಕ್ಕಿದ ಮೇಲೆ ಕರೆಂಟ್ ಕೊಡುವ ಅಭ್ಯಾಸ ನಮ್ಮಲ್ಲಿದೆ. ಎಣ್ಣೆಯ ಮೇಲೆ ಪ್ಯಾಡ್ ಕೂರುವುದಿಲ್ಲ. ತಿಕ್ಕುವುದಿದ್ದರೆ ಆಮೇಲೆ. ಕೂದಲು ಹೆಚ್ಚಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ರೇಜರ್ ಬೇಡ.

3. ಮೆಷಿನ್ ಆಫ್ ಇರುವಾಗಲೇ ವೈರ್ ಜೋಡಿಸಿ, ಪ್ಯಾಡ್ ಅಂಟಿಸಿ. ನಾಲ್ಕು ಅಂಚನ್ನೂ ಬೆರಳಿನಿಂದ ಒತ್ತಿ. ಎರಡು ಪ್ಯಾಡ್ ಒಂದಕ್ಕೊಂದು ತಾಗಬಾರದು.

4. ಥೆರಪಿಸ್ಟ್ ಬರೆದುಕೊಟ್ಟ ಸೆಟ್ಟಿಂಗ್ ಇಡಿ. ಬಿಗಿತಕ್ಕೆ ಸಾಮಾನ್ಯವಾಗಿ ಬಳಸುವುದು 100 ಹರ್ಟ್ಸ್, 200ರಿಂದ 300 ಮೈಕ್ರೋಸೆಕೆಂಡ್, ಎಡೆಬಿಡದೆ ಬರುವ ಮಿಡಿತ, 30ರಿಂದ 60 ನಿಮಿಷ. ಮೊದಲ ದಿನ 15 ನಿಮಿಷ ಸಾಕು.

5. ಎಷ್ಟು ಜೋರು ಇಡಬೇಕು? ಸ್ಪರ್ಶ ಇರುವವರಿಗೆ ಸ್ಪಷ್ಟವಾದ ಜುಮುಜುಮು, ನೋವಿಲ್ಲದಷ್ಟು. ಸ್ಪರ್ಶ ಇಲ್ಲದವರಲ್ಲಿ “ಏನೂ ಗೊತ್ತಾಗ್ತಿಲ್ಲ, ಇನ್ನೂ ಜಾಸ್ತಿ ಮಾಡು” ಎನ್ನುವುದೇ ಸುಟ್ಟಗಾಯಕ್ಕೆ ದಾರಿ. ಅವರಿಗೆ ಒಂದೊಂದೇ ಮೆಟ್ಟಿಲು ಏರಿಸುತ್ತ ಕಣ್ಣಿನಿಂದ ನೋಡಿ. ಸ್ನಾಯು ಸಣ್ಣಗೆ ಮಿಡಿಯುವುದು ಕಂಡ ಕೂಡಲೇ ನಿಲ್ಲಿಸಿ, ಮಿಡಿತ ಕಾಣದಷ್ಟಕ್ಕೆ ಇಳಿಸಿ. ಆ ಅಂಕಿಯನ್ನು ಬರೆದುಕೊಳ್ಳಿ. ಮರುದಿನ ಅದೇ ಮಿಡಿತಕ್ಕೆ ತುಂಬಾ ಹೆಚ್ಚಿನ ಅಂಕಿ ಬೇಕಾದರೆ ಪ್ಯಾಡ್ ಹಳತಾಗಿದೆ ಅಥವಾ ಜಾಗ ತಪ್ಪಿದೆ ಎಂದರ್ಥ; ಕರೆಂಟ್ ಏರಿಸಬೇಡಿ, ಪ್ಯಾಡ್ ನೋಡಿ.

6. ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ಮೆಷಿನ್ ಹಾಕಿ ಹಸುವಿಗೆ ಹುಲ್ಲು ಹಾಕಲು ಹೋಗಬೇಡಿ. ಹಾಕಿಕೊಂಡೇ ನಿದ್ದೆ ಮಾಡುವುದು, ಸ್ನಾನ ಮಾಡುವುದು, ಗಾಡಿ ಓಡಿಸುವುದು ಬೇಡ.

7. ಮೊದಲು ಸೊನ್ನೆಗೆ ಇಳಿಸಿ, ಆಫ್ ಮಾಡಿ, ನಂತರ ಪ್ಯಾಡ್ ತೆಗೆಯಿರಿ. ಪ್ಯಾಡ್‌ನ ಅಂಚು ಹಿಡಿದು ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಚರ್ಮ ಸ್ವಲ್ಪ ಕೆಂಪಾಗುವುದು ಸಹಜ, ಅರ್ಧ ಗಂಟೆಯಲ್ಲಿ ಮಾಸಬೇಕು. ಮಾಸದಿದ್ದರೆ, ಗುಳ್ಳೆ ಬಂದರೆ ಆ ಜಾಗಕ್ಕೆ ವಿರಾಮ ಕೊಟ್ಟು ತೋರಿಸಿ.

ತಲೆ ಸಿಡಿಯುತ್ತಿದೆ ಎಂದರೆ

ಟಿ6 ಮತ್ತು ಮೇಲಿನ ಪೆಟ್ಟಿನವರಿಗೆ ಕರೆಂಟ್ ನಡೆಯುವಾಗ ಹಠಾತ್ ತಲೆನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ಮೂಗು ಕಟ್ಟುವುದು, ಮೈಮೇಲಿನ ಕೂದಲು ನಿಮಿರುವುದು, ಮೇಲಿನ ಬಿಪಿ ಮಾಮೂಲಿಗಿಂತ 20ರಷ್ಟು ಏರುವುದು ಕಂಡರೆ ಇದನ್ನು ತುರ್ತು ಎಂದೇ ತಿಳಿಯಿರಿ. ಮೆಷಿನ್ ಆಫ್ ಮಾಡಿ ಪ್ಯಾಡ್ ಕಿತ್ತುಹಾಕಿ. ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ; ಇಲ್ಲಿ ಮಲಗಿಸುವುದು ತಪ್ಪು, ಬಿಪಿ ಇನ್ನೂ ಏರುತ್ತದೆ. ಬೆಲ್ಟ್, ಉಡದಾರ, ಬಿಗಿ ಬಟ್ಟೆ ಸಡಿಲಿಸಿ. ಪೈಪ್ ಮಡಚಿದೆಯೇ ನೋಡಿ, ಮೂತ್ರ ಖಾಲಿ ಮಾಡಿ. ಎರಡು ಮೂರು ನಿಮಿಷಕ್ಕೊಮ್ಮೆ ಬಿಪಿ ನೋಡಿ. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ರಾತ್ರಿ ಪಾಳಿಯ ಎಲ್ಲರಿಗೂ ಈ ಸ್ಥಿತಿಯ ಪರಿಚಯ ಇರುತ್ತದೆಂದು ನಂಬಬೇಡಿ. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಹೆಸರು, ನಿಮ್ಮ ಪೆಟ್ಟಿನ ಮಟ್ಟ, ಮಾಮೂಲಿ ಬಿಪಿ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ವೀಲ್‌ಚೇರ್ ಚೀಲದಲ್ಲಿ ಇಟ್ಟಿರಿ.

ಹಂತ 7: ಸಡಿಲವಾದ ಗಂಟೆಗಳನ್ನು ಬಳಸಿ

ಬಹಳ ಮಂದಿ ಪ್ಯಾಡ್ ತೆಗೆದು ಟಿವಿ ಮುಂದೆ ಕೂರುತ್ತಾರೆ. ನಾಲ್ಕು ಗಂಟೆಯ ನಂತರ ಬಿಗಿತ ವಾಪಸ್, “ಉಪಯೋಗ ಇಲ್ಲ ಬಿಡಿ” ಎಂಬ ತೀರ್ಪು. ಕರೆಂಟ್ ಕೊಟ್ಟದ್ದು ಅವಕಾಶ ಮಾತ್ರ.

ಪಾದ ಅದುರುವವರು ಪ್ಯಾಡ್ ತೆಗೆದ ಕೂಡಲೇ ಹಿಮ್ಮಡಿ ಹಿಡಿದು ಪಾದವನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ ಹಿಡಿಸಿಕೊಳ್ಳಿ. ನಿಧಾನ ಎಂಬುದೇ ಇಲ್ಲಿ ಮುಖ್ಯ, ಜೋರಾಗಿ ಎಳೆದಷ್ಟೂ ಸ್ನಾಯು ಜೋರಾಗಿ ಬಿಗಿಯುತ್ತದೆ. ಸ್ಟ್ಯಾಂಡಿಂಗ್ ಫ್ರೇಮ್ ಇದ್ದರೆ ಈ ಹೊತ್ತಿನಲ್ಲೇ ನಿಲ್ಲಿಸಿ. ಬಹಳ ವರ್ಷ ನಿಲ್ಲದವರ ಮೂಳೆ ಟೊಳ್ಳಾಗಿರುತ್ತದೆ, ಮೊಣಕಾಲಿನ ಮೇಲೆ ಕೆಳಗೆ ಸುಲಭವಾಗಿ ಮುರಿಯುತ್ತದೆ. ಅವರನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬೇಡಿ, ಬಾಗಿಸುವಾಗ ಬಲ ಹಾಕಬೇಡಿ.

ತೊಡೆ ಸೇರಿಕೊಳ್ಳುವುದರಿಂದ ಪೈಪ್ ಹಾಕಲು ಕಷ್ಟಪಡುವ ಹೆಣ್ಣುಮಕ್ಕಳು ಈ ವಿಷಯ ಕೇಳಲು ಮುಜುಗರಪಡುತ್ತಾರೆ. ಪೈಪ್ ಹಾಕುವ ಹೊತ್ತಿಗೆ ಮುಂಚೆ ಟೆನ್ಸ್ ಮುಗಿಸಿ, ಸಡಿಲವಾದಾಗ ಹಾಕಿಕೊಳ್ಳಿ. ಇವರು ಮಾತ್ರ ಹಂತ 6ರ ಮೊದಲ ಸಾಲಿನಂತೆ ಮೂತ್ರ ಖಾಲಿ ಮಾಡಿ ಶುರು ಮಾಡಲಾಗದು, ಹಾಗಾಗಿ ಮೂತ್ರಕೋಶ ತುಂಬಿ ತುಳುಕುವವರೆಗೆ ಕಾಯದೆ ಬೇಗನೆ ಆರಂಭಿಸಬೇಕು. ಟಿ6ಕ್ಕಿಂತ ಮೇಲಿನವರಾದರೆ ಇದನ್ನು ಥೆರಪಿಸ್ಟ್ ಜೊತೆ ಮೊದಲು ಮಾತಾಡಿ. ರಾತ್ರಿ ಕಾಲು ಒದ್ದು ಎಚ್ಚರವಾಗುವವರು ಊಟದ ನಂತರ, ಮಲಗುವ ಮುನ್ನ ಹಾಕಿ, ತೆಗೆದು ಮಲಗಿ.

ಬಿಗಿತದ ಆಸರೆಯಲ್ಲೇ ಎದ್ದು ತಿರುಗುವವರು ಪ್ಯಾಡ್ ತೆಗೆದ ಮೇಲೆ ಮೊದಲ ಕೆಲವು ದಿನ ಒಬ್ಬರೇ ವೀಲ್‌ಚೇರ್‌ಗೆ ಹೋಗಬೇಡಿ. ಪಕ್ಕದಲ್ಲಿ ಇನ್ನೊಬ್ಬರಿರಲಿ.

ಎಫ್‌ಇಎಸ್ ಮಾಡಿಸುವವರಿಗೆ ಎರಡು ಮಾತು

ಸ್ನಾಯು ಕುಗ್ಗಿಸುವ ಕರೆಂಟ್ 30ರಿಂದ 50 ಹರ್ಟ್ಸ್‌ನಲ್ಲಿ, ಕೆಲವು ಸೆಕೆಂಡ್ ಆನ್, ಅದಕ್ಕಿಂತ ಹೆಚ್ಚು ಹೊತ್ತು ಆಫ್ ಆಗಿ ನಡೆಯುತ್ತದೆ. ಕರೆಂಟ್ ಮೆಲ್ಲಗೆ ಏರುವಂತೆ ಹೊಂದಿಸಲು ಹೇಳಿ, ಒಮ್ಮೆಗೇ ಕುಗ್ಗಿದರೆ ಎದುರಿನ ಬಿಗಿ ಸ್ನಾಯು ಥಟ್ಟನೆ ಎಳೆದಂತಾಗಿ ಸೆಳೆತ ಎಬ್ಬಿಸುತ್ತದೆ. ಪೆಟ್ಟಾಗಿ ವರ್ಷಗಳಾಗಿದ್ದರೆ ಮೂಳೆಯ ಸಾಂದ್ರತೆ ಪರೀಕ್ಷಿಸದೆ ತೊಡೆಗೆ ಜೋರು ಎಫ್‌ಇಎಸ್ ಮಾಡಿಸಬೇಡಿ. ಸ್ನಾಯು ತುಂಬಿಕೊಳ್ಳುವುದು, ರಕ್ತ ಸಂಚಾರ ಮುಂತಾದ ಬೇರೆ ಲಾಭಗಳಿಗೆ ಅದು ಒಳ್ಳೆಯದೇ. ಬಿಗಿತಕ್ಕೆ ಮಾತ್ರವಾದರೆ ಮೊದಲು ಟೆನ್ಸ್ ನೋಡಿ.

ಹಂತ 8: ಎರಡು ವಾರದ ನಂತರ ಲೆಕ್ಕ

ದಿನಕ್ಕೆ ಒಂದು ಬಾರಿಯಂತೆ ಎರಡು ವಾರ ಬಳಸಿ, ಪುಸ್ತಕ ತೆರೆಯಿರಿ. ಪೆನ್ ಅಂಕ ಒಂದಾದರೂ ಇಳಿದಿದೆಯೇ? ನೀವು ಆರಿಸಿಕೊಂಡ ಕೆಲಸ ಸುಲಭವಾಗಿದೆಯೇ? ಕೆಲಸ ಸುಲಭವಾಗಿ ಅಂಕ ಹಾಗೇ ಇದ್ದರೆ ಮುಂದುವರಿಸಿ, ನನ್ನ ಮಟ್ಟಿಗೆ ಕೆಲಸವೇ ಮುಖ್ಯ. ಎರಡೂ ಬದಲಾಗದಿದ್ದರೆ ಪ್ಯಾಡ್ ಜಾಗವನ್ನು ಒಮ್ಮೆ ಥೆರಪಿಸ್ಟ್ ಹತ್ತಿರ ಬದಲಿಸಿ ಇನ್ನೆರಡು ವಾರ ನೋಡಿ. ಆಗಲೂ ಇಲ್ಲವಾದರೆ ನಿಲ್ಲಿಸಿ. ಎಲ್ಲರಿಗೂ ಇದು ಒಗ್ಗುವುದಿಲ್ಲ, ಕೆಲವರಿಗೆ ಸೆಳೆತ ಹೆಚ್ಚುವುದೂ ಉಂಟು.

ಬಿಗಿತ ಇಳಿದ ಖುಷಿಯಲ್ಲಿ ಬ್ಯಾಕ್ಲೊಫೆನ್ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಅದನ್ನು ಏಕಾಏಕಿ ನಿಲ್ಲಿಸಿದರೆ ಸೆಳೆತ ಮೊದಲಿಗಿಂತ ಜೋರಾಗಿ ಮರಳುತ್ತದೆ. ಭ್ರಮೆ, ಫಿಟ್ಸ್ ಬರಬಹುದು. ಊರಿನ ಮೆಡಿಕಲ್‌ನಲ್ಲಿ ಸ್ಟಾಕ್ ಇಲ್ಲ ಎಂದು ಬಿಡುವುದೂ ಅಷ್ಟೇ ಅಪಾಯ, ಹದಿನೈದು ದಿನಕ್ಕಾಗುವಷ್ಟು ಮನೆಯಲ್ಲಿ ಇಟ್ಟುಕೊಂಡಿರಿ. ಪುಸ್ತಕವನ್ನು ವೈದ್ಯರಿಗೆ ತೋರಿಸಿ, ಕಡಿಮೆ ಮಾಡುವುದಾದರೆ ಅವರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಟೆನ್ಸ್ ಸಾಲದಿದ್ದರೆ ಅವರ ಬಳಿ ಮುಂದಿನ ದಾರಿಗಳಿವೆ: ಮಾತ್ರೆಯ ಪ್ರಮಾಣ ಬದಲಿಸುವುದು, ಟಿಜಾನಿಡಿನ್ ಮಾತ್ರೆ, ಒಂದೆರಡು ಸ್ನಾಯುವಿನದೇ ತೊಂದರೆಯಾದರೆ ಸುಮಾರು ಮೂರು ತಿಂಗಳು ಕೆಲಸ ಮಾಡುವ ಬೊಟೊಕ್ಸ್ ಚುಚ್ಚುಮದ್ದು, ತೀರಾ ಹೆಚ್ಚಿದ್ದರೆ ಹೊಟ್ಟೆಯ ಚರ್ಮದಡಿ ಕೂರಿಸುವ ಬ್ಯಾಕ್ಲೊಫೆನ್ ಪಂಪ್. ಇವುಗಳಲ್ಲಿ ಯಾವುದನ್ನು ಆರಿಸಿದರೂ ಟೆನ್ಸ್ ಬಳಸುತ್ತಿರುವ ವಿಷಯವನ್ನು ಹೇಳಿ. ಪಂಪ್ ಹಾಕಿಸುವುದಾದರೆ ಮೆಷಿನ್ ಅನ್ನೇ ಜೊತೆಗೆ ಕೊಂಡೊಯ್ದು ತೋರಿಸಿ.